ಹೆದರಲು ಕಲಿಸಿದ್ದು

ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಬೆಳೆದ ಅಳಿಲಿಗೆ ಸದ್ದೆಂದರೆ ಜೋಗುಳ. ಗಾಳಿಗೆ ಗೂಡು ಸಮೇತ ಬಿದ್ದಾಗ ಅದಿನ್ನೂ ಕಣ್ಣು ಬಿಟ್ಟಿರಲಿಲ್ಲ. ದರ್ಜಿಯಮ್ಮನೂ ಅವಳ ಮಗಳೂ ಬಟ್ಟೆಚೂರುಗಳ ಮೇಲೆ ಮಲಗಿಸಿ, ಹತ್ತಿಯಿಂದ ಹಾಲು ಹನಿಸಿ ಅದನ್ನು ಉಳಿಸಿಕೊಂಡರು. ಯಂತ್ರ ಗಡಗಡ ಎಂದರೆ ನಿದ್ದೆ, ನಿಂತರೆ ಹಾಲು. ಬಾಲ ತುಂಬಿಕೊಂಡ ಮೇಲೆ ಕಿಟಕಿಯಾಚೆಯ ಮರಕ್ಕೆ ಬಿಟ್ಟರು. ಹೊಟ್ಟೆ ಚುರುಗುಟ್ಟಿದಾಗ ಮಾತ್ರ ಒಳಗೆ ಬಂದು ಮಗಳ ಜಡೆಗೆ ಜೋತುಬೀಳುತ್ತಿತ್ತು.

ಒಂದು ಮಧ್ಯಾಹ್ನ ಎದುರಂಗಡಿಯ ಬಡಗಿ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು ರಸ್ತೆ ದಾಟಿ ಬಂದ.

"ತಗೊಳ್ಳಿ ಅಕ್ಕಾ, ನಿಮ್ಮ ಸುಪುತ್ರ! ಮಷೀನ್ ಗರಗಸ ಓಡ್ತಾ ಇದೆ, ಈ ಮಹಾಶಯ ಅದರ ಪಕ್ಕದಲ್ಲೇ ನಿದ್ದೆ ಹೊಡೀತಿದ್ದಾನೆ." ಅವನ ನಗು ಅಲ್ಲಿಗೇ ನಿಂತಿತು. "ಕೈ ಸ್ವಿಚ್ ಮೇಲೇ ಇತ್ತು, ಬದುಕಿಕೊಂಡ. ನಾನು ಆ ಕಡೆ ತಿರುಗಿದ್ದಿದ್ರೆ?"

ಅಂಗೈ ಬಿಚ್ಚಿದ. ಅಳಿಲಿನ ಬಾಲದ ತುದಿಯೇ ಇರಲಿಲ್ಲ.

"ಪಂಜರ ತರೋಣಮ್ಮ," ಎಂದಳು ಮಗಳು.

"ಮರ ಕಂಡ ಜೀವ ಕಣೇ. ಒಳಗೆ ಹಾಕಿದ್ರೆ ಸೊರಗಿ ಸಾಯುತ್ತೆ. ಹೆದರೋದು ಕಲಿಸಬೇಕು ಅಷ್ಟೇ."

ಮರುದಿನ ದರ್ಜಿಯಮ್ಮ ತಟ್ಟೆ ಬಡಿದಳು. ಅಳಿಲು ಆಕಳಿಸಿತು. ಕಾಲು ಅಪ್ಪಳಿಸಿದಳು, ನೀರು ಎರಚಿದಳು. ಹೊಸ ಆಟವೆಂದುಕೊಂಡು ಅದು ಮೈ ಕೊಡವಿ, ತೋಳು ಹತ್ತಿ, ಹೆಗಲ ಮೇಲೆ ಕೂತಿತು. ಎಲ್ಲ ಸದ್ದಿಗೂ ತಾನೇ ಅದನ್ನು ಒಗ್ಗಿಸಿದ್ದಳಲ್ಲ. ಇನ್ನು ಉಳಿದದ್ದು ನೋವು.

ಗುಂಡಿ ತರಲೆಂದು ಮಗಳನ್ನು ಅಂಗಡಿಗೆ ಕಳಿಸಿದಳು. ಅಳತೆಯ ಮರದ ಪಟ್ಟಿಯಿಂದ ಮೊದಲು ತನ್ನ ಮುಂಗೈಗೇ ಹೊಡೆದು ನೋಡಿಕೊಂಡಳು: ಮೂಳೆ ಮುರಿಯಬಾರದು, ಮರೆತೂ ಹೋಗಬಾರದು. ಅಳಿಲು ಮೇಜಿನ ಮೇಲೆ ಎರಡೂ ಕೈಯಲ್ಲಿ ಕಡಲೆಬೀಜ ಹಿಡಿದು ಮೆಲ್ಲುತ್ತಿತ್ತು. ಸೊಂಟಕ್ಕೆ ಒಂದೇಟು ಬಿತ್ತು.

ಅದು ಕಿರುಚಿ ಕೆಳಗುರುಳಿತು. ಕಿಟಕಿಯವರೆಗೆ ಓಡಿ, ನಿಂತು, ಅವಳತ್ತ ನೋಡಿತು. ಆಮೇಲೆ ಮೆಲ್ಲಗೆ ವಾಪಸ್ಸು ಬರತೊಡಗಿತು, ಸಂತೈಸಿಕೊಳ್ಳಲು ಅವಳ ಬಳಿಗೇ.

"ಬರಬೇಡ್ವೋ," ಎಂದು ಗೋಗರೆದಳು. ಬಂದೇ ಬಂತು. ಮತ್ತೊಂದೇಟು ಹಾಕಿದಳು.

ಮಗಳು ಮರಳಿದಾಗ ಮರದಿಂದ ಒಂದೇ ಸಮನೆ ಚಿಕ್ ಚಿಕ್ ಎಂಬ ಕೂಗು.

"ಬೆಕ್ಕು ಬಂದಿದ್ಯಾ?" ಕಿಟಕಿಯಿಂದ ಬಗ್ಗಿ ಹುಡುಕಿದಳು. ಎಲ್ಲೂ ಬೆಕ್ಕಿರಲಿಲ್ಲ. ತಾಯಿ ಒಳಕ್ಕೆ ಸರಿದಾಗ ಕೂಗು ನಿಂತಿತು. ಹತ್ತಿರ ಬಂದಾಗ ಮತ್ತೆ ಶುರುವಾಯಿತು. ಮಗಳು ತಾಯಿಯ ಮುಖ ನೋಡಿದಳು, ಕೆಂಪಾದ ಮುಂಗೈ ನೋಡಿದಳು.

"ನೀನು ಕಿಟಕಿ ಹತ್ರ ಬರಬೇಡಮ್ಮ. ಅದಕ್ಕೆ ಭಯ ಆಗುತ್ತೆ."

ದರ್ಜಿಯಮ್ಮ ಕಿಟಕಿಯ ಬಳಿಯಿದ್ದ ಯಂತ್ರವನ್ನು ಒಳಗೋಡೆಯ ಪಕ್ಕಕ್ಕೆ ಎಳೆದುಕೊಂಡಳು. ಅಲ್ಲಿ ಬೆಳಕು ಸಾಲದು. ಸೂಜಿಗೆ ದಾರ ಪೋಣಿಸಲು ಮಗಳನ್ನೇ ಕರೆಯಬೇಕಾಯಿತು. ಮಗಳು ಪೋಣಿಸಿಕೊಟ್ಟಳು. ಮತ್ತೆ ಕಿಟಕಿಯ ಬಳಿಗೆ ಹೋದಳು.