ನಿಧನವಾರ್ತೆಯ ಮೂರನೆಯ ಸಾಲು

"ಸ್ವಲ್ಪ ಭಾಷೆ ತಿದ್ದಿಕೊಡು ಇನ್ಸಾಫ್, ನಿನಗದು ನೀರು ಕುಡಿದಷ್ಟು ಸುಲಭ," ಎಂದು ಅಣ್ಣ ಬಹ್ಗತ್ ನಿಧನವಾರ್ತೆಯ ಕಾಗದವನ್ನು ಅವಳ ಮುಂದಿಟ್ಟ. ಗಂಡಸರು ಅಮ್ಮನನ್ನು ಮಣ್ಣು ಮಾಡಿ ಬಂದು ಎರಡು ಗಂಟೆಯೂ ಆಗಿರಲಿಲ್ಲ. ಸಂತಾಪಕ್ಕೆ ಬರುವವರಿಗಾಗಿ ಬೀದಿಯಲ್ಲಿ ಶಾಮಿಯಾನ ಕಟ್ಟುತ್ತಿದ್ದರು. ಇನ್ಸಾಫ್‌ಗೆ ಅಳು ಬಂದಿರಲಿಲ್ಲ. ಸಾವಿನ ಮನೆಯ ಸಕ್ಕರೆಯಿಲ್ಲದ ಕಾಫಿ ಕೂಡ ನಾಲಿಗೆಗೆ ಕಹಿ ಅನ್ನಿಸಿರಲಿಲ್ಲ.

ಓದಿದಳು. ಧಾನ್ಯದ ವ್ಯಾಪಾರಿ ದಿವಂಗತ ಹಾಜಿ ರಿಜ್ಕ್ ಅವರ ಪತ್ನಿ, ರೈಲ್ವೆ ಕಚೇರಿಯ ಬಹ್ಗತ್ ರಿಜ್ಕ್ ಎಫೆಂದಿಯವರ ತಾಯಿ. ದೂರದ ಸೋದರಳಿಯನ ಹುದ್ದೆಯೂ ಇತ್ತು, ಸತ್ತವಳ ಹೆಸರು ಮಾತ್ರ ಇರಲಿಲ್ಲ. ಕೈರೋದ ಪತ್ರಿಕೆಗಳಲ್ಲಿ ಮರ್ಯಾದಸ್ಥ ಹೆಂಗಸರು ಸಾಯುವುದೇ ಹಾಗೆ. ಹದಿನೆಂಟು ವರ್ಷದಿಂದ ಇನ್ಸಾಫ್ ಇಂಥದ್ದರ ವಿರುದ್ಧವೇ ಪತ್ರಿಕೆಗೆ ಬರೆದಿದ್ದಳು. ಅರ್ಧ ಊರು ಹೊಗಳಿತ್ತು, ಅರ್ಧ ಊರು ಉಗಿದಿತ್ತು. ಬರೆದವಳು ಯಾರೆಂದು ಈ ಮನೆಯ ಹೊರಗೆ ಒಬ್ಬರಿಗೂ ಗೊತ್ತಿರಲಿಲ್ಲ.

ಮೂರನೆಯ ಸಾಲಿನಲ್ಲಿ ಅಮ್ಮನ ಹೆಸರು ಸೇರಿಸಿದಳು.

ಬಹ್ಗತ್ ಕೂಗಾಡಲಿಲ್ಲ. "ಕಾಫಿ ಅಂಗಡೀಲಿ ಕೂತೋರೆಲ್ಲ ನಮ್ಮಮ್ಮನ ಹೆಸರು ಬಾಯಿಗೆ ಹಾಕ್ಕೊಂಡು ಅಗೀಬೇಕಾ?" ಅಂದ. ಅತ್ತತ್ತು ಅವನ ಗಂಟಲು ಕಟ್ಟಿತ್ತು. "ನೀನು ಇಷ್ಟು ವರ್ಷ 'ಕೈರೋದ ಒಬ್ಬ ಹೆಂಗಸು' ಅಂತ ತಾನೇ ಬರ್ದಿದ್ದು? ನಿನಗೇ ಬೇಡದ್ದು ಅಮ್ಮನಿಗ್ಯಾಕೆ?"

ಮಾತು ಸರಿಯಾಗಿಯೇ ನಾಟಿತು, ಆದರೆ ನೋಯಲಿಲ್ಲ. ಬೇರೆ ಯಾರಿಗೋ ಅಂದಂತಿತ್ತು. ಅಣ್ಣ ಬಂದವರನ್ನು ಮಾತಾಡಿಸಲು ಹೊರಗೆ ಹೋದ ಮೇಲೆ ಅವಳು ಇನ್ನೊಂದು ಸಾಲು ಬರೆದಳು: 'ಕೈರೋದ ಒಬ್ಬ ಹೆಂಗಸು' ಎಂಬ ಹೆಸರಿನ ಲೇಖಕಿ ಇನ್ಸಾಫ್ ರಿಜ್ಕ್ ಅವರ ತಾಯಿ. ಮುಸುಕು ಹೊದ್ದು ಟ್ರಾಮ್ ಹತ್ತಿ ಪತ್ರಿಕೆಯ ಕಚೇರಿಗೆ ತಾನೇ ಹೋದಳು. ಗುಮಾಸ್ತ ಎರಡು ಸಲ ಓದಿ, ಮನೆಯ ಗಂಡಸರು ಒಪ್ಪಿದ್ದಾರೆಯೇ ಎಂದು ಕೇಳಿದ. ಹೊಣೆ ನನ್ನದು ಎಂದು ರುಜು ಹಾಕಿದಳು.

ಮರುದಿನ ಬೆಳಿಗ್ಗೆ ಬಹ್ಗತ್ ಪತ್ರಿಕೆ ಓದಿ ಮಡಿಸಿಟ್ಟು, ಅವಳ ಮುಖ ನೋಡದೆ ಶಾಮಿಯಾನಕ್ಕೆ ಹೋದ. ಇನ್ನೆಷ್ಟು ವರ್ಷ ಮಾತು ಬಿಡುತ್ತಾನೋ ಅವಳಿಗೆ ತಿಳಿಯಲಿಲ್ಲ.

ಒಳಗೆ ಅಮ್ಮನ ತಂಗಿ ಜಲೀಲಾ ಪತ್ರಿಕೆಯನ್ನು ತೊಡೆಯ ಮೇಲೆ ಹಾಸಿಕೊಂಡಳು. ಅವಳಿಗೆ ಓದು ಬಾರದು.

"ಮದುವೆ ಆದ್ಮೇಲೆ ನಿಮ್ಮಮ್ಮನ್ನ ಯಾರೂ ಹೆಸರು ಹಿಡಿದು ಕರೀಲಿಲ್ಲ ಕಣೇ. ಬಹ್ಗತ್ ತಾಯಿ, ಅಷ್ಟೇ. ಎಲ್ಲಿದೆ, ತೋರ್ಸು."

ಇನ್ಸಾಫ್ ತೋರಿಸಿದಳು. ಚಿಕ್ಕಮ್ಮ ಅಲ್ಲಿ ಬೆರಳಿಟ್ಟು, "ಮಬ್ರೂಕಾ," ಅಂದಳು, ಪಕ್ಕದ ಕೋಣೆಯಲ್ಲಿರುವ ಅಕ್ಕನನ್ನು ಕರೆಯುವ ಹಾಗೆ. ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ.

ಯಾರೋ ಕಾಫಿ ತಂದುಕೊಟ್ಟರು. ಇನ್ಸಾಫ್ ಒಂದು ಗುಟುಕು ಕುಡಿದಳು. ಕಹಿಯಾಗಿತ್ತು.