ಅಡ್ಡ ಚೀಟಿ

ಮಗಳಿಗೆ ಆರು ವರ್ಷವಿದ್ದಾಗ ಶಾಲೆಯ ಗೇಟಿನಲ್ಲಿ ಅವಳಿಗೊಂದು ಮಾತು ಕೊಟ್ಟಿದ್ದೆ. ಅವತ್ತು ರಾತ್ರಿ ಪಾಳಿ ಮುಗಿಸಿ ಬಂದು ಕುರ್ಚಿಯಲ್ಲೇ ನಿದ್ದೆ ಹೋದವಳು ನಾನು. ಶಾಲೆಗೆ ತಡವಾದದ್ದು ನನ್ನಿಂದ. ಆದರೆ ಟೀಚರ್ ಹುಬ್ಬು ಗಂಟಿಕ್ಕಿದಾಗ ನನ್ನ ಬಾಯಿಗೆ ಬಂದದ್ದು, "ಎಷ್ಟು ಎಬ್ಬಿಸಿದ್ರೂ ಏಳಲ್ಲ ನೋಡಿ ಇವಳು." ಮಗಳು ಚೀಲ ಹೊತ್ತು ಒಳಗೆ ಹೋದಳು. ಸಂಜೆ ಕರೆತರಲು ಹೋದರೆ ಗೇಟಿನ ಕಂಬಿ ಹಿಡಿದು ನಿಂತುಬಿಟ್ಟಳು.

"ನೀನು ಮಾಡಿದ ತಪ್ಪನ್ನ ಇನ್ನೊಬ್ರ ತಲೆಗೆ ಕಟ್ಟಲ್ಲ ಅಂತ ಮಾತು ಕೊಡು. ಆಮೇಲೇ ಬರ್ತೀನಿ."

"ಇನ್ಯಾವತ್ತೂ ಕಟ್ಟಲ್ಲ ಕಣೇ, ಮಾತು ಕೊಟ್ಟೆ" ಎಂದೆ.

ಈಗ ಅವಳಿಗೆ ಹದಿನೇಳು.

ನನ್ನ ಕೆಲಸ ವಿಮಾನ ನಿಲ್ದಾಣದ ಕಂಟ್ರೋಲ್ ಟವರಿನಲ್ಲಿ. ಎರಡು ರನ್‌ವೇ: ಉದ್ದದ್ದು ದೊಡ್ಡ ವಿಮಾನಗಳಿಗೆ, ಗಿಡ್ಡದ್ದು ಸಣ್ಣವಕ್ಕೆ. ಕಟ್ಟಿದವರು ಜಾಗ ಸಾಲದೆ ಒಂದು ಎಡವಟ್ಟು ಮಾಡಿಟ್ಟಿದ್ದಾರೆ. ದೊಡ್ಡ ವಿಮಾನ ತನ್ನ ಸರದಿಗೆ ಕಾಯುವಾಗ ಅದರ ಬಾಲ ನೇರವಾಗಿ ಗಿಡ್ಡ ರನ್‌ವೇಯ ಬಾಯಿಗೆ ತಿರುಗಿರುತ್ತದೆ. ನಿಂತ ವಿಮಾನ ಕದಲಬೇಕಾದರೆ ಇಂಜಿನ್ನಿಗೆ ಒಮ್ಮೆ ಜೋರು ಕೊಡಬೇಕು. ಆಗ ಹಿಂದಕ್ಕೆ ನುಗ್ಗುವ ಗಾಳಿ ಲಗೇಜ್ ಗಾಡಿಯನ್ನೇ ಮಗುಚಿ ಹಾಕೀತು. ಇಳಿಯುತ್ತಿರುವ ಸಣ್ಣ ವಿಮಾನದವನ ಕಣ್ಣಿಗೆ ಅದು ಬೀಳುವುದೂ ಇಲ್ಲ.

ನಿಯಮದ ಪುಸ್ತಕದಲ್ಲಿ ಇದಕ್ಕೆ "ಎಚ್ಚರ ವಹಿಸುವುದು" ಎಂಬ ಎರಡೇ ಪದ. ಹಾಗಾಗಿ ನಮ್ಮ ಟವರಿನ ಹಿರಿಯರು ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಒಂದೊಂದು ವಿಮಾನಕ್ಕೂ ನಮ್ಮ ಮುಂದೆ ಒಂದೊಂದು ಕಾಗದದ ಚೀಟಿ ಇರುತ್ತದೆ. ಸಣ್ಣ ವಿಮಾನ ಇಳಿಯಲು ಬರುತ್ತಿದ್ದರೆ ಅದರ ಚೀಟಿಯನ್ನು ಕಾಯುತ್ತಿರುವ ದೊಡ್ಡದರ ಚೀಟಿಯ ಮೇಲೆ ಅಡ್ಡ ಇಡಬೇಕು. ಸಣ್ಣದರ ಚಕ್ರ ನೆಲ ಮುಟ್ಟಿದ ಮೇಲಷ್ಟೇ ಅಡ್ಡ ಚೀಟಿ ಎತ್ತುವುದು, ಆಮೇಲಷ್ಟೇ ದೊಡ್ಡದಕ್ಕೆ ಹೊರಡು ಎನ್ನುವುದು. "ಮೂತಿ ಎಲ್ರೂ ನೋಡ್ತಾರೆ, ನೀನು ಬಾಲ ನೋಡಮ್ಮ" ಎಂದು ನನಗೆ ಕಲಿಸಿದವರು ನಿವೃತ್ತರಾಗಿ ಎಷ್ಟೋ ವರ್ಷವಾಯಿತು.

ಒಂದು ಮಧ್ಯಾಹ್ನ ಏಳು ವಿಮಾನ ಸಾಲುಗಟ್ಟಿ ನಿಂತಿದ್ದವು. ಮುಂದಿದ್ದದ್ದು ಭಾರಿ ಗಾತ್ರದ್ದು. ಅದೇ ಹೊತ್ತಿಗೆ ಪಾರ್ಸೆಲ್ ಹೊರುವ ಪುಟ್ಟ ವಿಮಾನ ಇಳಿಯಲು ಬಂತು. ಅದರ ಪೈಲಟ್ಟನ್ನು ಹನ್ನೊಂದು ವರ್ಷದಿಂದ ರೇಡಿಯೋದಲ್ಲಿ ಬಲ್ಲೆ, ಮುಖ ನೋಡಿರಲಿಲ್ಲ. ಮಾತಿಗೆ ಮುಂಚೆ ಒಂದು ಸಲ ಕೆಮ್ಮುವ ಅಭ್ಯಾಸ ಅವರಿಗೆ. ಟವರಿನವರೆಲ್ಲರ ಬಾಯಲ್ಲಿ ಅವರು ಕೆಮ್ಮಪ್ಪ. ಅವರ ಚೀಟಿ ಅಡ್ಡ ಇಟ್ಟೆ.

ಭಾರಿ ವಿಮಾನದ ಕ್ಯಾಪ್ಟನ್ ರೇಡಿಯೋದಲ್ಲಿ ರಾಗ ಎಳೆದ: "ಮೇಡಂ, ಇನ್ನು ಸ್ವಲ್ಪ ಹೊತ್ತಾದ್ರೆ ನಾವು ಇಲ್ಲೇ ಬೇರು ಬಿಡ್ತೀವಿ. ನೀರು ಹಾಕೋಕೆ ಯಾರನ್ನಾದ್ರೂ ಕಳಿಸಿ."

ಸಾಲಿನಲ್ಲಿದ್ದ ಇನ್ನೊಬ್ಬ, "ನಮಗೂ ಎರಡು ಬಕೆಟ್!" ಎಂದ.

ಟವರಿನಲ್ಲಿ ನನ್ನನ್ನು ಮಿಂಚು ಎನ್ನುತ್ತಾರೆ. ನನ್ನ ಪಾಳಿಯಲ್ಲಿ ಸಾಲು ಬೆಳೆಯುವುದಿಲ್ಲ ಎಂಬ ಜಂಬ ನನಗೂ ಇತ್ತು. ಕೆಮ್ಮಪ್ಪನ ವಿಮಾನ ಇನ್ನೇನು ನೆಲ ಮುಟ್ಟುವಂತಿತ್ತು. ಮುಟ್ಟಿರಲಿಲ್ಲ. ಅದು ನನಗೆ ಚೆನ್ನಾಗಿ ಕಾಣುತ್ತಿತ್ತು. ನಗುತ್ತಲೇ ಚೀಟಿ ಎತ್ತಿ, ದೊಡ್ಡದಕ್ಕೆ ಹೊರಡಿ ಎಂದೆ.

ರನ್‌ವೇ ಬದಿಯ ಹುಲ್ಲೆಲ್ಲ ಒಂದೇ ಸಲಕ್ಕೆ ನೆಲಕ್ಕೆ ಮಲಗಿತು. ಪುಟ್ಟ ವಿಮಾನದ ಒಂದು ರೆಕ್ಕೆ ಮೇಲೆದ್ದಿತು, ಇನ್ನೊಂದು ನೆಲಕ್ಕೆ ಉಜ್ಜಿ ಕಿಡಿ ಹಾರಿತು. ಗಿರ್ರನೆ ತಿರುಗಿ ಹುಲ್ಲಿಗೆ ಹೋಗಿ ಮುಗ್ಗರಿಸಿತು. ಬೆಂಕಿ ಹತ್ತಲಿಲ್ಲ. ಕೆಮ್ಮಪ್ಪನ ಹೆಗಲ ಮೂಳೆ ಮುರಿಯಿತು.

ನಾನು ಮೊದಲು ಮಾಡಿದ ಕೆಲಸ ಆಂಬುಲೆನ್ಸ್ ಕರೆದದ್ದು. ಎರಡನೆಯದು, ಕೈಯಲ್ಲಿದ್ದ ಚೀಟಿಯನ್ನು ಇಳಿದ ವಿಮಾನಗಳ ಚೀಟಿ ಸಾಲಿನಲ್ಲಿ ನೆಟ್ಟಗೆ ಇಟ್ಟದ್ದು.

ಐದು ವಾರದ ನಂತರ ವಿಚಾರಣೆ. ಕೋಣೆಯ ಹೊರಗಿನ ಬೆಂಚಿನಲ್ಲಿ, ಕೈಯನ್ನು ಬಟ್ಟೆಯಲ್ಲಿ ಕುತ್ತಿಗೆಗೆ ಕಟ್ಟಿಕೊಂಡು ಒಬ್ಬರು ಕೂತಿದ್ದರು. ನಾನು "ಇದೇ ಕೋಣೆನಾ?" ಎಂದು ಜವಾನನನ್ನು ಕೇಳಿದ್ದೇ ತಡ, ತಲೆಯೆತ್ತಿದರು. ಒಮ್ಮೆ ಕೆಮ್ಮಿದರು.

"ಓಹೋ, ನೀವಾ ಮೇಡಂ! ದನಿ ಕೇಳಿ ಆಳು ಆರಡಿ ಇರಬಹುದು ಅಂದ್ಕೊಂಡಿದ್ದೆ."

"ಕೈ ಹೇಗಿದೆ ಸರ್?"

"ಕೈ ಕೂಡ್ಕೊಳ್ಳುತ್ತೆ. ಲೈಸೆನ್ಸ್ ಹೋದ್ರೆ ಈ ವಯಸ್ಸಲ್ಲಿ ಮತ್ತೆ ಯಾರು ಕೊಡ್ತಾರೆ? ನಮ್ಮ ಮನೆಯವಳಿಗೆ ಖುಷಿಯೋ ಖುಷಿ, ಇನ್ಮೇಲೆ ತರಕಾರಿ ನೀವೇ ತನ್ನಿ ಅಂತಿದ್ದಾಳೆ." ನಕ್ಕವರು ನಗು ನಿಲ್ಲಿಸಿ ನನ್ನ ಕಡೆ ಬಾಗಿದರು. "ಒಂದು ಕೇಳ್ಲಾ? ನಾನು ನೆಲ ಮುಟ್ಟೋವರೆಗೂ ದೊಡ್ಡದನ್ನ ನೀವು ಕದಲಿಸ್ತಿರ್ಲಿಲ್ಲ. ಇಷ್ಟು ವರ್ಷ ನೋಡಿದ್ದೀನಿ. ಅವತ್ತು ಮುಟ್ಟಿದ್ನಾ, ಇಲ್ವಾ? ತಲೆಗೆ ಪೆಟ್ಟು ಬಿದ್ದ ಮೇಲೆ ನನಗೇ ಸರಿಯಾಗಿ ನೆನಪಾಗ್ತಿಲ್ಲ."

ಅವರ ಕಣ್ಣಲ್ಲಿ ಅನುಮಾನವಿರಲಿಲ್ಲ. ತನ್ನ ಮೇಲೆ ತನಗೇ ನಂಬಿಕೆ ಹೋದವನು ತಿಳಿದವರನ್ನು ಕೇಳುವಂತೆ ಕೇಳಿದ್ದರು.

"ಮುಟ್ಟಿದ್ರಿ ಸರ್. ಅವತ್ತು ಬೀಸೋ ಗಾಳಿನೇ ಜೋರಿತ್ತಲ್ವಾ" ಎಂದೆ.

"ಹಾಗಾದ್ರೆ ಹಾಗೇ ಇರಬೇಕು" ಎಂದು ತಲೆಯಾಡಿಸಿದರು.

ಒಳಗೆ ಉದ್ದನೆಯ ಮೇಜು, ಮೂವರು ಅಧಿಕಾರಿಗಳು. ಆ ಪುಟ್ಟ ವಿಮಾನದಲ್ಲಿ ಹಾರಾಟದ ದಾಖಲೆ ಹಿಡಿಯುವ ಬ್ಲ್ಯಾಕ್ ಬಾಕ್ಸ್ ಇರಲಿಲ್ಲ. ಟವರಿನ ಟೇಪಿನಲ್ಲಿ ನನ್ನ ಮಾತಿತ್ತು, ಚಕ್ರ ನೆಲ ಮುಟ್ಟಿದ ಸದ್ದು ಇರಲಿಲ್ಲ. ಆ ಕ್ಷಣ ಅದರ ಚಕ್ರ ನೋಡುತ್ತಿದ್ದವಳು ನಾನೊಬ್ಬಳೇ.

"ದೊಡ್ಡ ವಿಮಾನಕ್ಕೆ ಹೊರಡಲು ಹೇಳಿದಾಗ ಇದು ನೆಲ ಮುಟ್ಟಿತ್ತೇ?"

"ಮುಟ್ಟಿದ್ದನ್ನು ಕಣ್ಣಾರೆ ನೋಡಿದೆ ಸರ್. ಚೀಟಿಯೂ ಇಳಿದವುಗಳ ಸಾಲಿನಲ್ಲೇ ಇತ್ತು."

ನಂತರ ಪೈಲಟ್ಟನ್ನು ಕೇಳಿದರು. ಅವರು ಕೆಮ್ಮಿ, "ಮೇಡಂ ಹೇಳಿದ್ದು ಸರಿಯೇ ಇರಬೇಕು. ಗಾಳಿ ಜೋರಿತ್ತು. ನಾನು ಇನ್ನೂ ಬಿಗಿಯಾಗಿ ಹಿಡೀಬೇಕಿತ್ತು" ಎಂದರು. ನನ್ನ ಸುಳ್ಳನ್ನು ಅವರ ಬಾಯಲ್ಲಿ ಕೇಳುವಾಗ ನಾನು ಮೇಜಿನ ಮೇಲಿದ್ದ ನೀರಿನ ಲೋಟ ನೋಡುತ್ತಿದ್ದೆ. ಹೊರಡುವಾಗ ಅವರು ಒಳ್ಳೆಯ ಕೈಯಲ್ಲಿ ಬಾಗಿಲು ಹಿಡಿದು, ನನಗೆ ಮೊದಲು ದಾರಿ ಬಿಟ್ಟರು.

ತೀರ್ಪು ಬಂದ ದಿನ ಮಗಳು ಅಡುಗೆಮನೆಯಲ್ಲಿದ್ದಳು.

"ಏನಾಯ್ತಮ್ಮಾ? ಯಾರ ತಪ್ಪಂತೆ?"

"ಪೈಲಟ್‌ದಂತೆ. ಲೈಸೆನ್ಸ್ ರದ್ದು."

"ಅಯ್ಯೋ ಪಾಪ. ನಿಜವಾಗ್ಲೂ ಅವರದೇನಾ?"

"ಅವರದೇ."

"ಸರಿ ಬಿಡು, ಕೈಕಾಲು ತೊಳ್ಕೊಂಡು ಬಾ, ಊಟ ಬಿಸಿ ಮಾಡ್ತೀನಿ" ಎಂದು ಒಲೆ ಹಚ್ಚಿದಳು.

ಅವಳಿಗೆ ಕೊಟ್ಟ ಮಾತನ್ನು ನಾನು ಉಳಿಸಿಕೊಳ್ಳಲಿಲ್ಲ.