ಬೆಡ್‌ಶೀಟಿನ ಆ ತುದಿ

"ಸರಿಯಾಗಿ ಎಳಿಯೇ ಮುಂಡೆ! ಬೆಳಿಗ್ಗೆ ಕೂಳು ತಿಂದಿಲ್ವಾ?"

ಗಂಡ ಎದುರಿಗೇ ನಿಂತಿರುವಾಗ ಮುಂಡೆ ಅನ್ನಿಸಿಕೊಂಡೆ. ಬೈದವನು ಸೂಪರ್‌ವೈಸರ್ ಮೀಸೆ. ಅವನು ಮೀಸೆ ಬೋಳಿಸಿ ವರ್ಷಗಳೇ ಆಗಿದ್ದರೂ ನಾವಿಟ್ಟ ಹೆಸರು ಮಾತ್ರ ಮುಖದ ಮೇಲೆ ಹಾಗೇ ಉಳಿದಿತ್ತು. ಗಂಡ ಬೆಡ್‌ಶೀಟಿನ ತುದಿ ಇನ್ನಷ್ಟು ಬಿಗಿ ಹಿಡಿದ. ಆ ತುದಿಯಲ್ಲಿ ಅವನು ಎಳೆದ, ಈ ತುದಿಯಲ್ಲಿ ನಾನು ಎಳೆದೆ.

ಆಸ್ಪತ್ರೆಯ ಬಟ್ಟೆ ಒಗೆಯುವ ಶೆಡ್ಡು ನಮ್ಮದು. ಒದ್ದೆ ಬೆಡ್‌ಶೀಟು ಹೆಣಭಾರ. ಇಬ್ಬರೂ ಹಿಡಿದು ಒದರಿ, ಸುಕ್ಕು ಬಿಡಿಸಿ, ಇಸ್ತ್ರಿ ಮಿಶನ್ನಿನ ಬಾಯಿಗೆ ಕೊಡಬೇಕು. ಒಬ್ಬರಿಂದಾಗುವ ಕೆಲಸವೇ ಅಲ್ಲ. ಆದರೂ ಗಂಡನಿಗೆ ಕೊಡುವ ಸಂಬಳದ ಅರ್ಧವಷ್ಟೇ ನನಗೆ. ಸಮ ಕೊಡಿ ಎಂದು ಹೋದ ವಾರ ಕೇಳಿದ್ದಕ್ಕೆ, "ಇನ್ನೊಂದ್ಸಲ ಬಾಯಿ ಬಿಟ್ರೆ ಗಂಡ ಹೆಂಡ್ತಿ ಇಬ್ರನ್ನೂ ಆಚೆ ತಳ್ತೀನಿ" ಎಂದಿದ್ದ ಮೀಸೆ.

ಅವತ್ತು ಯೂನಿವರ್ಸಿಟಿಯಿಂದ ಒಬ್ಬ ಹುಡುಗಿ ಬಂದಳು. ಗಂಡಸರ ಸಂಬಳ, ಹೆಂಗಸರ ಸಂಬಳದ ಬಗ್ಗೆ ಸಂಶೋಧನೆಯಂತೆ. ಮೀಸೆ ಅವಳಿಗೆ ಕುರ್ಚಿ ಹಾಕಿಸಿ, ತಾನೂ ಪಕ್ಕದಲ್ಲೇ ಅಂಟಿಕೊಂಡು ಕೂತ.

"ಅಕ್ಕಾ, ನೀವಿಬ್ರೂ ಮಾಡೋದು ಒಂದೇ ಕೆಲಸ ತಾನೆ?" ಎಂದು ಹುಡುಗಿ ನನ್ನನ್ನು ಕೇಳಿದಳು.

"ಒಂದೇ ಎಲ್ಲಿ ಬಂತು ಮೇಡಂ?" ಮೀಸೆ ನನಗಿಂತ ಮೊದಲೇ ಬಾಯಿ ಹಾಕಿದ. "ಭಾರ ಹೊರೋದು ಗಂಡಸ್ರು. ಇವರು ಸುಮ್ನೆ ಕೈ ಕೊಡ್ತಾರೆ ಅಷ್ಟೆ. ಬೇಕಾದ್ರೆ ಅವಳ ಗಂಡನ್ನೇ ಕೇಳಿ."

"ಹೌದಾ ಅಣ್ಣಾ?"

ನಾನು ಗಂಡನ ಮುಖ ನೋಡಿದೆ. ಅವನು ಮೀಸೆಯ ಮುಖ ನೋಡಿದ.

"ಹೌದು ಮೇಡಂ. ಅವಳದ್ದು ಹಗುರ ಕೆಲಸ."

ಎತ್ತಲಾಗದ ನನ್ನ ಭುಜಕ್ಕೆ ಎಣ್ಣೆ ತಿಕ್ಕುತ್ತಾ ಹಿಂದಿನ ದಿನವಷ್ಟೇ "ಸತ್ತೇಹೋಗ್ತೀಯ ಕಣೇ ನೀನು" ಎಂದು ಮರುಗಿದ್ದು ಇದೇ ಬಾಯಿ. ಮೀಸೆಯ ಬೈಗುಳ ಹೇಗೋ ನುಂಗಬಹುದು, ಇದನ್ನು ಹೇಗೆ ನುಂಗಲಿ?

"ಕೆಲಸ ಮಾಡಿ ತೋರ್ಸ್ರೋ, ಮೇಡಂ ಫೋಟೋ ತಗೋತಾರೆ" ಎಂದ ಮೀಸೆ.

ಇನ್ನೊಂದು ಬೆಡ್‌ಶೀಟು ಎತ್ತಿದೆವು. ಗಂಡ ಹಿಂದಕ್ಕೆ ವಾಲಿ, ಹಲ್ಲು ಕಚ್ಚಿ ಎಳೆಯತೊಡಗಿದ.

"ಸಾರ್, ಭಾರ ಇರೋದು ಅವರ ತುದೀಲಿ ತಾನೆ?" ಎಂದೆ.

"ಏನೇ ನಿನ್ನ ತಲೆಹರಟೆ?"

"ಏನಿಲ್ಲ. ಹಾಗಿದ್ರೆ ನಾನು ಬಿಟ್ರೂ ನಡಿಯತ್ತೆ."

ಬಿಟ್ಟೆ.

ಗಂಡ ದೊಪ್ಪನೆ ಕುಂಡೆಯ ಮೇಲೆ ಬಿದ್ದ. ಒಗೆದ ಬೆಡ್‌ಶೀಟು ನೆಲದ ಕೊಚ್ಚೆ ನೀರಿನಲ್ಲಿ ಉದ್ದಕ್ಕೂ ಹರಡಿಕೊಂಡಿತು. ಹುಡುಗಿ ಫೋನು ಕೆಳಗಿಳಿಸಿದಳು. ಪಕ್ಕದ ಮೇಜುಗಳಲ್ಲೂ ಕೈಗಳು ನಿಂತವು.

"ಎತ್ತೇ ಬೋಳಿಮಗಳೇ!" ಮೀಸೆ ಎದ್ದು ನಿಂತು ಅರಚಿದ.

"ಎತ್ಕೊಳ್ಳೇ... ಕೆಲಸ ಹೋಗತ್ತೆ ಕಣೇ" ಎಂದ ಗಂಡ, ಕೂತಲ್ಲಿಂದಲೇ.

"ನೀವೇ ಎತ್ತಿ. ನಂದು ಹಗುರ ಕೆಲಸ ಅಲ್ವಾ?"

ಮೀಸೆ ಅವನ ಕಡೆ ತಿರುಗಿದ. "ಏನೋ ಮುಖ ನೋಡ್ತೀಯ? ಗಂಡಸಲ್ವೇನೋ ನೀನು? ಒಬ್ನೇ ಎತ್ತೋ!"

ಗಂಡ ಎದ್ದ. ತನ್ನ ತುದಿಯನ್ನು ಎದೆಗವಚಿಕೊಂಡು ಎಳೆದ. ಬಟ್ಟೆ ಕೊಚ್ಚೆಯಲ್ಲಿ ತೆವಳಿತೇ ಹೊರತು ನನ್ನ ತುದಿ ಮೇಲೇಳಲಿಲ್ಲ. ಮತ್ತೆ ಎಳೆದ. ಕಾಲು ಜಾರಿತು. ಕೊನೆಗೆ ನನ್ನ ಕಡೆ ನೋಡಿದ.

ನಾನು ಕೈ ಕಟ್ಟಿಕೊಂಡು ನಿಂತೇ ಇದ್ದೆ.